ಸಾಕ್ಷಿ ಗಟ್ಟಿ ಇರಲಿ: ಮೃತ್ಯುಪತ್ರ ಬರೆಯುವ ಪೂರ್ತಿ ದಾರಿ

ನಮ್ಮಪ್ಪನ ಮೃತ್ಯುಪತ್ರ ಸಿಕ್ಕಿದ್ದು ಅವ್ವನ ಟ್ರಂಕಿನಲ್ಲಿ, ಇಳಕಲ್ ಸೀರೆಯ ಮಡಿಕೆಯೊಳಗೆ. ಮೂರು ಹಾಳೆ, ಅಪ್ಪನದೇ ಮುದ್ದಾದ ಅಕ್ಷರ. ಹಳೇ ಹುಬ್ಬಳ್ಳಿಯ ಮನೆ ಯಾರಿಗೆ, ಕುಂದಗೋಳ ತಾಲೂಕಿನ ಎರಿ ಹೊಲ ಯಾರಿಗೆ, ಅವ್ವನ ಕೈಖರ್ಚಿಗೆ ಯಾವ ಠೇವಣಿ, ಎಲ್ಲ ಬರೆದಿದ್ದರು. ಕೆಳಗೆ ಇಬ್ಬರು ಸಾಕ್ಷಿ. ಇಬ್ಬರೂ ಅಪ್ಪನ ಗೆಳೆಯರು, ಅಪ್ಪನಿಗಿಂತ ದೊಡ್ಡವರು, ಅಪ್ಪನಿಗಿಂತ ಮೊದಲೇ ಹೋಗಿದ್ದರು.

ಸಂಬಂಧಿಕರೊಬ್ಬರು "ಇದು ಅಣ್ಣನ ಸಹೀನ ಅಲ್ಲ" ಅಂದುಬಿಟ್ಟರು. ಅನ್ನೋಕೆ ಒಂದು ನಿಮಿಷ ಸಾಕು. ಹೌದು ಎಂದು ತೋರಿಸಲು ನಮಗೆ ನಾಲ್ಕು ವರ್ಷ ಹಿಡಿಯಿತು. ಸಾಕ್ಷಿಗಳು ಬದುಕಿಲ್ಲದಿದ್ದರೆ ಕಡೇಪಕ್ಷ ಒಬ್ಬ ಸಾಕ್ಷಿಯ ಅಕ್ಷರವನ್ನೂ, ಬರೆದವರ ಸಹಿಯನ್ನೂ ಬೇರೆ ಕಾಗದಗಳಿಂದ ಸಾಬೀತು ಮಾಡಬೇಕು. ಸಾಕ್ಷಿ ಹಾಕಿದ್ದ ಕಾಕಾ ಅವರ ಮಗನ ಮನೆಗೆ ಹೋಗಿ, ಅವರ ಹಳೇ ಪಿಂಚಣಿ ಕಾಗದ ಕೇಳಿ ತಂದು, ಸಹಿಗೆ ಸಹಿ ಹೊಂದಿಸಿದ್ದು ಈಗಲೂ ಕಣ್ಣ ಮುಂದಿದೆ.

ನಾನು ವಕೀಲನಲ್ಲ. ಹುಬ್ಬಳ್ಳಿಯಲ್ಲಿ ಬ್ಯಾಂಕಿನ ಕೆಲಸ ಮಾಡಿ ನಿವೃತ್ತನಾದವನು. ತೀರಿಹೋದ ಗ್ರಾಹಕರ ಖಾತೆಯ ಟೇಬಲ್ಲು ಬಹಳ ವರ್ಷ ನನ್ನದೇ ಆಗಿತ್ತು. ನಮ್ಮ ಕಡೆ ಮೃತ್ಯುಪತ್ರ, ಬೆಂಗಳೂರು ಕಡೆ ಉಯಿಲು, ಮಕ್ಕಳ ಬಾಯಲ್ಲಿ ವಿಲ್. ಏನೇ ಕರೆಯಿರಿ, ಅದು ಸಹಿ ಮಾಡಿದ ದಿನ ನಿಮ್ಮ ಎದುರಿಗೆ ಯಾರು ಕೂತಿದ್ದರು ಎಂಬುದರ ಮೇಲೆ ನಿಲ್ಲುತ್ತದೆ. ಒಳ್ಳೆಯ ಭಾಷೆ, ದುಬಾರಿ ಬಾಂಡ್ ಪೇಪರ್ ಎಲ್ಲ ಆಮೇಲೆ.

ಬರೆಯದೇ ಹೋದರೆ

"ನಾ ಏನ್ ಇವತ್ತ ಹೊಂಟೇನೇನು? ಈಗ್ಯಾಕ ಅದೆಲ್ಲಾ" ಎಂದು ಅಪ್ಪಂದಿರು ಹೇಳುವುದು ಎಲ್ಲ ಮನೆಯಲ್ಲೂ ಇದ್ದದ್ದೇ. ನೀವು ಬರೆಯದಿದ್ದರೆ ಕಾನೂನು ನಿಮ್ಮ ಪರವಾಗಿ ಬರೆಯುತ್ತದೆ, ಅಷ್ಟೇ.

ಹಿಂದೂ ಗಂಡಸು ವಿಲ್ ಬರೆಯದೆ ತೀರಿಕೊಂಡರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಅವನ ಸ್ವಂತ ಆಸ್ತಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಮತ್ತು ತಾಯಿಗೆ ಸಮಪಾಲು. ಮೊದಲೇ ತೀರಿಹೋದ ಮಗ ಅಥವಾ ಮಗಳಿದ್ದರೆ ಅವರ ಮಕ್ಕಳಿಗೂ ಆ ಪಾಲು. ತಾಯಿಗೂ ಪಾಲಿದೆ ಎಂದರೆ ಬಹಳ ಜನ ಹುಬ್ಬೇರಿಸುತ್ತಾರೆ. ತಂದೆಗೆ ಈ ಮೊದಲ ಸಾಲಿನಲ್ಲಿ ಜಾಗ ಇಲ್ಲ ಎಂದರೆ ಇನ್ನೂ ಜಾಸ್ತಿ. ಹೆಂಗಸರ ಆಸ್ತಿಗೆ ಲೆಕ್ಕವೇ ಬೇರೆ: ಮೊದಲು ಮಕ್ಕಳು ಮತ್ತು ಗಂಡ, ಅವರಿಲ್ಲದಿದ್ದರೆ ಗಂಡನ ಕಡೆಯ ವಾರಸುದಾರರು. ತವರಿನಿಂದ ವಾರಸಾ ಬಂದ ಆಸ್ತಿ ಮಾತ್ರ, ಮಕ್ಕಳು ಮೊಮ್ಮಕ್ಕಳು ಇಲ್ಲದಿದ್ದರೆ, ತಂದೆಯ ಕಡೆಗೆ ವಾಪಸ್ಸು. ಮಕ್ಕಳಿಲ್ಲದ ಅಕ್ಕ ತನ್ನ ಸಂಬಳದಲ್ಲಿ ಕೊಂಡ ಸೈಟು, ಅವಳನ್ನು ನೋಡಿಕೊಂಡ ತಂಗಿಗೆ ಬಾರದೆ ತೀರಿಹೋದ ಗಂಡನ ಅಣ್ಣತಮ್ಮಂದಿರಿಗೆ ಹೋಗಬಹುದು. ಮಕ್ಕಳಿಲ್ಲದವರು, ಒಂಟಿಯಾಗಿರುವವರು ಎಲ್ಲರಿಗಿಂತ ಮೊದಲು ಬರೆಯಬೇಕು ಎನ್ನುವುದು ಇದಕ್ಕೇ.

ಮುಸ್ಲಿಮರಿಗೆ ಅವರ ವೈಯಕ್ತಿಕ ಕಾನೂನು. ಸಾಲ, ಅಂತ್ಯಕ್ರಿಯೆಯ ಖರ್ಚು ಕಳೆದು ಉಳಿದದ್ದರಲ್ಲಿ ಮೂರನೇ ಒಂದು ಭಾಗ ಮಾತ್ರ ವಸಿಯ್ಯತ್ ಮೂಲಕ ಕೊಡಬಹುದು. ಅದಕ್ಕಿಂತ ಜಾಸ್ತಿಗೆ ವಾರಸುದಾರರ ಒಪ್ಪಿಗೆ ಬೇಕು. ಸುನ್ನಿಗಳಲ್ಲಿ ವಾರಸುದಾರರೊಬ್ಬರಿಗೇ ಬರೆಯುವುದಾದರೂ ಉಳಿದವರು ಒಪ್ಪಬೇಕು. ಕ್ರೈಸ್ತರಿಗೆ ಇನ್ನೊಂದು ಎಚ್ಚರಿಕೆ: ಮದುವೆಯಾದರೆ ಅದಕ್ಕೂ ಮೊದಲು ಬರೆದ ವಿಲ್ ರದ್ದು, ಹೊಸದು ಬರೆಯಬೇಕು.

ಮೊದಲು ಪಟ್ಟಿ

ವಕೀಲರ ಹತ್ತಿರ ಓಡಬೇಡಿ. ಒಂದು ನೋಟ್‌ಬುಕ್ ತಗೊಂಡು ಎರಡು ಭಾನುವಾರ ಕೂತುಕೊಳ್ಳಿ.

ಹೊಲ ಇದ್ದರೆ ಹೊಸ ಉತಾರ (ಪಹಣಿ) ತೆಗೆಸಿ. ಸರ್ವೆ ನಂಬರ್, ಹಿಸ್ಸಾ, ಎಷ್ಟು ಎಕರೆ ಎಷ್ಟು ಗುಂಟೆ, ಯಾರ ಹೆಸರು, ಬೋಜಾ (ಹೊಲದ ಮೇಲೆ ದಾಖಲಾದ ಸಾಲ) ಎಷ್ಟು ನೋಡಿ. ಸೊಸೈಟಿ ಸಾಲ ತೀರಿದ್ದರೂ ಎಷ್ಟೋ ಸಲ ಬೋಜಾ ಕಡಿಮೆ ಆಗಿರುವುದಿಲ್ಲ. ನೀವೇ ಇದ್ದಾಗ ತೆಗೆಸುವುದು ಸುಲಭ. ಎಷ್ಟೋ ಮನೆಯಲ್ಲಿ ಉತಾರದ ಮೇಲೆ ಇನ್ನೂ ಅಜ್ಜನ ಹೆಸರೇ ಇರುತ್ತದೆ. ಹಾಗಿದ್ದರೆ ವಾರಸಾ ಮಾಡಿಸಿ ಈಗಿನವರ ಹೆಸರಿಗೆ ತರುವುದೇ ನಿಮ್ಮ ಮೊದಲ ಕೆಲಸ. ಊರೊಳಗಿನ ಮನೆಗೆ ಸಿಟಿ ಸರ್ವೆ ನಂಬರ್, ಪಾಲಿಕೆಯ ಆಸ್ತಿ ನಂಬರ್, ಖರೀದಿ ಪತ್ರ ಬೇಕು. ಹಳ್ಳಿಯ ಮನೆಗೆ ಪಂಚಾಯ್ತಿಯ ಇ-ಸ್ವತ್ತು.

ಆಮೇಲೆ ಠೇವಣಿ, ಪೋಸ್ಟ್ ಆಫೀಸು, ವಿಮೆ, ಶೇರು, ಲಾಕರ್, ಬಂಗಾರ, ಗಾಡಿ. ಕೊಟ್ಟ ಕೈಗಡ, ತಗೊಂಡ ಕೈಗಡ ಎರಡನ್ನೂ ಬರೆಯಿರಿ. ದುರ್ಗದ ಬೈಲಿನಲ್ಲೋ ಗದಗಿನ ಮಾರ್ಕೆಟ್‌ನಲ್ಲೋ ಬಾಡಿಗೆ ಅಂಗಡಿ ಇದ್ದರೆ ಪಗಡಿ (ಅಂಗಡಿ ಹಿಡಿಯಲು ಕೊಟ್ಟ ದುಡ್ಡು), ಡಿಪಾಜಿಟ್ ಬಾಯಿಮಾತಿನ ಮೇಲೇ ಇರುತ್ತದೆ. ಅದು ನಿಮ್ಮ ಜೊತೆಗೇ ಹೋಗಿಬಿಡಬಾರದು ಅಲ್ವಾ?

ಯಾವುದು ನಿಮ್ಮದು, ಯಾವುದು ಮನೆತನದ್ದು

ಜಗಳ ಹುಟ್ಟುವ ಜಾಗ ಇದು. ನೀವು ದುಡಿದು ಕೊಂಡದ್ದನ್ನು ಯಾರಿಗೆ ಬೇಕಾದರೂ ಬರೆಯಬಹುದು. ಮಗನಿಗೇ ಕೊಡಬೇಕು, ಮಕ್ಕಳಿಗೆಲ್ಲ ಸಮ ಕೊಡಬೇಕು ಎಂಬ ಕಟ್ಟು ಇಲ್ಲ. ಒಟ್ಟು ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಾತ್ರ ನಿಮ್ಮ ಪಾಲಿನಷ್ಟನ್ನೇ ಬರೆಯಬಹುದು. ಹತ್ತು ಎಕರೆ ಪೂರ್ತಿ ನನ್ನದು ಎಂದು ದೊಡ್ಡ ಮಗನಿಗೆ ಬರೆದಿಟ್ಟರೆ, ಆ ಕಾಗದ ನಿಮ್ಮ ಪಾಲಿನ ಮಟ್ಟಿಗೆ ಮಾತ್ರ ನಡೆಯುತ್ತದೆ.

ಹೆಣ್ಣುಮಕ್ಕಳ ವಿಷಯಕ್ಕೆ ಬರೋಣ. ಕರ್ನಾಟಕದಲ್ಲಿ 1994ರ ತಿದ್ದುಪಡಿಯೇ ಮದುವೆಯಾಗದ ಹೆಣ್ಣುಮಕ್ಕಳಿಗೆ ಒಟ್ಟು ಕುಟುಂಬದ ಆಸ್ತಿಯಲ್ಲಿ ಹುಟ್ಟಿನಿಂದ ಹಕ್ಕು ಕೊಟ್ಟಿತ್ತು. 2005ರ ಸೆಪ್ಟೆಂಬರ್ 9ರಿಂದ ಇಡೀ ದೇಶದಲ್ಲಿ ಮದುವೆಯಾಗಿರಲಿ ಬಿಡಲಿ, ಮಗಳಿಗೂ ಮಗನಷ್ಟೇ ಹಕ್ಕು. ಆ ದಿನ ತಂದೆ ಬದುಕಿರಬೇಕೇ ಎಂಬ ಗೊಂದಲವನ್ನು 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಬಗೆಹರಿಸಿತು: ಬದುಕಿರಬೇಕಿಲ್ಲ. ಪಂಚಮಿಗೆ ತವರಿಗೆ ಬಂದ ಅಕ್ಕತಂಗಿಯರ ಮುಂದೆ ಉಂಡಿ ತಟ್ಟೆಯ ಜೊತೆಗೇ ಹಕ್ಕು ಬಿಡುಗಡೆ ಪತ್ರ ಇಡುವ ಮನೆಗಳನ್ನು ನಾನು ಕಂಡಿದ್ದೇನೆ. "ಮದವ್ಯಾಗ ಕೊಟ್ಟೇವಲ್ಲ" ಎಂಬ ಮಾತು ಕೋರ್ಟಿನಲ್ಲಿ ನಡೆಯುವುದಿಲ್ಲ.

ಅಪ್ಪನಿಂದ ಬಂದದ್ದೆಲ್ಲ ಪಿತ್ರಾರ್ಜಿತವೂ ಅಲ್ಲ. ಅಪ್ಪನಿಗೆ ಅದು ಹೇಗೆ ಬಂತು, ವಾಟ್ನಿ (ಆಸ್ತಿ ಪಾಲು) ಆಗಿತ್ತಾ, ಯಾವ ವರ್ಷ ಎಂಬುದರ ಮೇಲೆ ನಿಂತಿದೆ. ಟೆನನ್ಸಿಯಲ್ಲಿ (ಗೇಣಿ ಕಾನೂನಿನಡಿ) ಬಂದ ಹೊಲ, ಸರ್ಕಾರ ಮಂಜೂರು ಮಾಡಿದ ಜಮೀನು, ಇನಾಮು ಜಮೀನು ಇದ್ದರೆ ಕೈಹಾಕುವ ಮೊದಲು ವಕೀಲರಿಗೆ ತೋರಿಸಿ. ಧಾರವಾಡದಲ್ಲಿ 2008ರಿಂದ ಹೈಕೋರ್ಟ್ ಪೀಠ ಇದೆ, ಜಮೀನಿನ ಕೇಸು ತಿಳಿದ ವಕೀಲರಿಗೆ ನಮ್ಮಲ್ಲಿ ಬರ ಇಲ್ಲ. ಖರ್ಚು ಮಾಡುವುದಾದರೆ ಈ ಒಂದು ಪ್ರಶ್ನೆಗೆ ಮಾಡಿ.

ನಾಮಿನಿ ಎಂದರೆ ಮಾಲೀಕ ಅಲ್ಲ

ಬ್ಯಾಂಕಿನಲ್ಲಿ ನಾನು ಅತಿ ಹೆಚ್ಚು ಸಲ ಹೇಳಿದ ಮಾತು ಇದು. ನಾಮಿನಿ ದುಡ್ಡು ಪಡೆದುಕೊಳ್ಳುವ ಕೈ ಮಾತ್ರ. ಆ ದುಡ್ಡು ವಿಲ್ ಇದ್ದರೆ ವಿಲ್‌ನಂತೆ, ಇಲ್ಲದಿದ್ದರೆ ವಾರಸುದಾರರಿಗೆ ಹಂಚಬೇಕು. ಶೇರುಗಳಿಗೂ ಹಾಗೇ ಎಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಜೀವವಿಮೆಯದು ಸ್ವಲ್ಪ ಬೇರೆ: 2015ರ ತಿದ್ದುಪಡಿಯ ನಂತರ ಗಂಡ, ಹೆಂಡತಿ, ಮಕ್ಕಳು, ತಂದೆತಾಯಿ ನಾಮಿನಿ ಆಗಿದ್ದರೆ ದುಡ್ಡು ಸಾಮಾನ್ಯವಾಗಿ ಅವರದ್ದೇ.

ಹಾಗಂತ ನಾಮಿನಿ ಬಿಡಬೇಡಿ. ಅವರ ಹೆಸರಿದ್ದರೆ ದುಡ್ಡು ವಾರಗಳಲ್ಲಿ ಕೈಗೆ ಬರುತ್ತದೆ. 2025ರ ನವೆಂಬರ್ 1ರಿಂದ ಬ್ಯಾಂಕ್ ಖಾತೆಗೆ ನಾಲ್ಕು ನಾಮಿನಿಗಳವರೆಗೆ ಹಾಕಬಹುದು. ನೀವು ವಿಲ್‌ನಲ್ಲಿ ಬರೆದವರು, ನಾಮಿನಿ ಆದವರು ಒಬ್ಬರೇ ಇದ್ದರೆ ಅರ್ಧ ಜಗಳ ಅಲ್ಲೇ ಮುಗಿಯಿತು.

ಈಗ ಬರೆಯೋಣ

ಬಿಳಿ ಹಾಳೆ ಸಾಕು. ಬಾಂಡ್ ಪೇಪರ್ ಬೇಕಿಲ್ಲ, ಮುದ್ರಾಂಕ ಶುಲ್ಕವೂ ಇಲ್ಲ. ಕೈಯಲ್ಲಿ ಬರೆಯಿರಿ ಅಥವಾ ಟೈಪ್ ಮಾಡಿಸಿ. ನಿಮಗೆ ಓದಲು ಬರುವ ಭಾಷೆಯಲ್ಲೇ ಇರಲಿ. ಇಂಗ್ಲಿಷ್ ಬಾರದ ಅಜ್ಜ ಇಂಗ್ಲಿಷ್ ವಿಲ್‌ಗೆ ಹೆಬ್ಬೆಟ್ಟು ಒತ್ತಿದ್ದರೆ, ಎದುರಾಳಿ ವಕೀಲರಿಗೆ ಅದೇ ಹಬ್ಬ.

ಶುರು ಮಾಡುವುದು ಹೀಗೆ:

"ನಾನು, ಇಂಥವರ ಮಗ, ವಯಸ್ಸು ಇಷ್ಟು, ಹುಬ್ಬಳ್ಳಿಯ ಇಂಥ ಓಣಿಯಲ್ಲಿ ವಾಸ, ಇಂದು ಇಂಥ ದಿನಾಂಕ ಈ ಮೃತ್ಯುಪತ್ರವನ್ನು ಸ್ವಂತ ಬುದ್ಧಿಯಿಂದ, ಯಾರ ಒತ್ತಾಯವೂ ಇಲ್ಲದೆ ಬರೆಯುತ್ತಿದ್ದೇನೆ. ಇದೇ ನನ್ನ ಕೊನೆಯ ಮೃತ್ಯುಪತ್ರ. ಇದಕ್ಕೂ ಮೊದಲು ಬರೆದ ಎಲ್ಲವನ್ನೂ ರದ್ದು ಮಾಡಿದ್ದೇನೆ."

ಆಮೇಲೆ ಮನೆಯವರೆಲ್ಲರ ಹೆಸರು ಮತ್ತು ಸಂಬಂಧ. ಏನೂ ಕೊಡದವರ ಹೆಸರೂ ಇರಲಿ. ಬಿಟ್ಟರೆ "ಅಜ್ಜನಿಗೆ ನೆನಪೇ ಇರಲಿಲ್ಲ, ತಲೆ ಸರಿ ಇರಲಿಲ್ಲ" ಎನ್ನುತ್ತಾರೆ. ಒಬ್ಬರಿಗೆ ಕಡಿಮೆ ಕೊಟ್ಟಿದ್ದರೆ ಒಂದು ಸಾಲಿನಲ್ಲಿ ಕಾರಣ ಬರೆಯಿರಿ: "ಕಿರಿಯ ಮಗನ ಅಂಗಡಿಗೆ ಈಗಾಗಲೇ ಇಷ್ಟು ಕೊಟ್ಟಿದ್ದೇನೆ." ಬೈಗುಳ ಮಾತ್ರ ಬೇಡ. ಒಬ್ಬರು ಮಗನ ಮೇಲಿನ ಸಿಟ್ಟನ್ನೆಲ್ಲ ಎರಡು ಪುಟ ಬರೆಸಿಟ್ಟಿದ್ದರು. ಅವರು ಹೋದ ಮೇಲೆ ಅದನ್ನು ಇಡೀ ಮನೆಯವರ ಮುಂದೆ ಓದಬೇಕಾದವಳು ಅವರ ಹೆಂಡತಿ.

ಆಸ್ತಿಯ ವಿವರ ಉತಾರದಲ್ಲಿ ಇರುವಂತೆಯೇ ಇಳಿಸಿ, ಚಕ್ಕುಬಂದಿ (ನಾಲ್ಕೂ ದಿಕ್ಕಿನ ಗಡಿ) ಸಮೇತ. "ಹಳ್ಳದ ಕಡೆ ಹೊಲ" ಎಂದರೆ ನಿಮಗೆ ಗೊತ್ತು, ತಹಶೀಲ್ದಾರರಿಗೆ ಗೊತ್ತಿಲ್ಲ.

ಹೆಂಡತಿಯ ಬಗ್ಗೆ ಬರೆಯುವಾಗ ಕೈ ನಿಧಾನ ಮಾಡಿ. "ಮನೆ ಹೆಂಡತಿಗೆ, ಅವಳ ನಂತರ ಮಕ್ಕಳಿಗೆ" ಎಂದು ಬಹಳ ಜನ ಬರೆಯುತ್ತಾರೆ. ಅವಳು ಅದನ್ನು ಮಾರಬಹುದೇ? ಸಾಲ ತೆಗೆಯಬಹುದೇ? ಇದೊಂದೇ ಸಾಲಿನ ಮೇಲೆ ದೇಶದ ಕೋರ್ಟುಗಳಲ್ಲಿ ದಶಕಗಟ್ಟಲೆ ವಾದ ನಡೆದಿದೆ. ಪೂರ್ತಿ ಹಕ್ಕು ಕೊಡುವುದಾದರೆ "ಮಾರುವ, ಬರೆದುಕೊಡುವ ಪೂರ್ಣ ಹಕ್ಕಿನೊಂದಿಗೆ" ಎಂದೇ ಬರೆಯಿರಿ. ಇರುವ ತನಕ ವಾಸ, ಬಾಡಿಗೆ ಮಾತ್ರ ಎಂದಾದರೆ ಅದನ್ನೂ ಬಿಡಿಸಿ ಬರೆಯಿರಿ, ಮತ್ತು ಆ ಸಾಲನ್ನು ವಕೀಲರಿಗೆ ತೋರಿಸಿ. ನನ್ನನ್ನು ಕೇಳಿದರೆ ಪೂರ್ತಿ ಹಕ್ಕೇ ಕೊಡಿ. ನಲವತ್ತು ವರ್ಷ ಮನೆ ನಡೆಸಿದವಳಿಗೆ ಮನೆ ಮಾರಲು ಮಗನ ಒಪ್ಪಿಗೆ ಏಕೆ?

ಪಡೆಯಬೇಕಾದವರು ನಿಮಗಿಂತ ಮೊದಲೇ ಹೋದರೆ ಯಾರಿಗೆ ಎಂಬುದೂ ಇರಲಿ. ಪಟ್ಟಿಯಲ್ಲಿ ಇಲ್ಲದ್ದಕ್ಕೆ, ಮುಂದೆ ಗಳಿಸುವುದಕ್ಕೆ "ಉಳಿದೆಲ್ಲ ಇಂಥವರಿಗೆ" ಎಂಬ ಸಾಲು. ವಿಲ್ ಜಾರಿಗೆ ತರಲು ಒಬ್ಬರನ್ನು ನೇಮಿಸಿ, ಅವರನ್ನು ಮೊದಲೇ ಕೇಳಿ.

ಸಹಿಯ ದಿನ

1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 63ನೇ ಕಲಮು ಕೇಳುವುದು ಇಷ್ಟೇ: ಬರೆದವರು ಸಹಿ ಅಥವಾ ಹೆಬ್ಬೆಟ್ಟು ಹಾಕಬೇಕು. ಕಡೇಪಕ್ಷ ಇಬ್ಬರು ಸಾಕ್ಷಿಗಳು ಅದನ್ನು ಕಣ್ಣಾರೆ ನೋಡಿರಬೇಕು, ಇಲ್ಲವೇ "ಇದು ನನ್ನ ಸಹಿ" ಎಂದು ಬರೆದವರ ಬಾಯಿಂದ ಕೇಳಿರಬೇಕು. ಆಮೇಲೆ ಆ ಸಾಕ್ಷಿಗಳು ಬರೆದವರ ಎದುರಿಗೇ ಸಹಿ ಮಾಡಬೇಕು. ಈ "ಎದುರಿಗೇ" ಎಂಬುದನ್ನೇ ಜನ ಮರೆಯುತ್ತಾರೆ. ಅಪ್ಪನ ಸಹಿ ಇವತ್ತು, ಸಾಕ್ಷಿಯ ಸಹಿ ನಾಳೆ ಅವರ ಅಂಗಡಿಗೆ ಹೋಗಿ ತಗೊಂಡು ಬಂದದ್ದು. ಕೋರ್ಟಿನಲ್ಲಿ "ಅವರು ಸಹಿ ಮಾಡುವಾಗ ನೀವು ಅಲ್ಲಿದ್ರಾ?" ಎಂದು ಕೇಳಿದರೆ ಆ ಮನುಷ್ಯ ಏನು ಹೇಳಬೇಕು?

ಸಾಕ್ಷಿ ಯಾರಾಗಬೇಕು? ನಿಮಗಿಂತ ಹದಿನೈದು ಇಪ್ಪತ್ತು ವರ್ಷ ಸಣ್ಣವರು. ಊರು ಬಿಟ್ಟು ಹೋಗದವರು. ಆಸ್ತಿಯಲ್ಲಿ ಏನೂ ಸಿಗದವರು, ಅವರ ಗಂಡ ಹೆಂಡತಿಗೂ ಸಿಗಬಾರದು. ಕ್ರೈಸ್ತರಲ್ಲಿ, ಪಾರ್ಸಿಗಳಲ್ಲಿ ಸಾಕ್ಷಿಗೋ ಅವರ ಗಂಡ ಹೆಂಡತಿಗೋ ಬರೆದದ್ದು ಅಸಿಂಧುವೇ ಆಗುತ್ತದೆ. ಹಿಂದೂಗಳಿಗೆ ಆ ನಿಯಮ ಇಲ್ಲದಿದ್ದರೂ ಅನುಮಾನಕ್ಕೆ ದಾರಿ ಏಕೆ ಮಾಡಿಕೊಡಬೇಕು? ಪಕ್ಕದ ಮನೆಯ ಮಾಸ್ತರು, ನಿಮ್ಮ ಡಾಕ್ಟರು, ಮಗನ ವಯಸ್ಸಿನ ಗೆಳೆಯ ಒಳ್ಳೆಯವರು. ಒಳಗೆ ಏನು ಬರೆದಿದೆ ಎಂದು ಅವರಿಗೆ ತೋರಿಸಬೇಕಿಲ್ಲ. ಅವರು ಕಾಣಬೇಕಾದದ್ದು ನಿಮ್ಮ ಕೈ ಮತ್ತು ಪೆನ್ನು.

ಅಪ್ಪನ ಪಾಠ ಕಲಿತು ನಾನು ನನ್ನದನ್ನು ಮಾಡಿದ್ದು ಹೀಗೆ. ಒಂದು ಶನಿವಾರ ಬೆಳಗ್ಗೆ ಹಾಲ್‌ನಲ್ಲಿ ನಾಲ್ಕು ಖುರ್ಚಿ. ಮಕ್ಕಳಿಗೆ ಹೊರಗೆ ಹೋಗಿ ಬನ್ನಿ ಎಂದೆ. ಪಡೆಯುವವರು ಬಾಗಿಲಲ್ಲಿ ನಿಂತಿದ್ದರೆ ಅದೂ ಮುಂದೆ ಒಂದು ಪ್ರಶ್ನೆ. ನಮ್ಮ ಡಾಕ್ಟರು ಮತ್ತು ಓಣಿಯ ಮೆಡಿಕಲ್ ಅಂಗಡಿಯ ಹುಡುಗ ಸಾಕ್ಷಿ. "ಏನ್ ಕಾಕಾ, ಆರಾಮಿಲ್ಲೇನ್ರೀ?" ಎಂದು ಹುಡುಗ ಹೆದರಿಕೊಂಡೇ ಬಂದ. "ಆರಾಮ ಅದೀನಿ, ಅದಕ್ಕ ಇವತ್ತ ಕರದೀನಿ" ಎಂದೆ. ಪ್ರತಿ ಪುಟಕ್ಕೂ ಸಹಿ, ಕೊನೇ ಪುಟಕ್ಕೆ ಪೂರ್ತಿ ಸಹಿ, ತಿದ್ದಿದ್ದ ಒಂದು ಜಾಗದಲ್ಲಿ ಮೂವರದೂ ಸಹಿ. ಸಾಕ್ಷಿಗಳು ಹೆಸರು, ತಂದೆಯ ಹೆಸರು, ವಿಳಾಸ ಸ್ವಂತ ಕೈಯಲ್ಲಿ ಬರೆದರು. ಅವರ ಅಕ್ಷರ ಮುಂದೆ ಸಾಕ್ಷಿ ಆಗಬಹುದು ಎಂದು ನನಗೆ ಗೊತ್ತಿತ್ತು. ನನ್ನ ಮನಸ್ಸು ಬುದ್ಧಿ ಸರಿ ಇದೆ ಎಂದು ಡಾಕ್ಟರು ಅದೇ ದಿನಾಂಕ ಹಾಕಿ ಬೇರೆ ಚೀಟಿ ಕೊಟ್ಟರು. ಮೊಬೈಲ್‌ನಲ್ಲಿ ಮೂರು ನಿಮಿಷದ ವಿಡಿಯೋ ಆಯಿತು. ಕಾನೂನು ಈ ಚೀಟಿ, ವಿಡಿಯೋ ಕೇಳುವುದಿಲ್ಲ, ಆದರೆ ಎದುರಾಳಿಯ ಬಾಯಿ ಮುಚ್ಚಿಸಲು ಕೆಲಸಕ್ಕೆ ಬರುತ್ತವೆ. ಆಮೇಲೆ ಗಿರ್ಮಿಟ್ಟು, ಚಹಾ.

ಓದಲು ಬಾರದವರಾದರೆ ಪೂರ್ತಿ ಓದಿ ಹೇಳಿ, "ಓದಿಸಿ ಕೇಳಿ ಸರಿ ಇದೆ ಎಂದು ಹೆಬ್ಬೆಟ್ಟು ಒತ್ತಿದ್ದೇನೆ" ಎಂಬ ಸಾಲು ಸೇರಿಸಿ. ಓದಿ ಹೇಳಿದವರೂ ಸಹಿ ಮಾಡಲಿ.

ಅನುಮಾನದ ಮಾತು ಬಂದಾಗಲೆಲ್ಲ ವಕೀಲರು 1959ರ ವೆಂಕಟಾಚಲ ಅಯ್ಯಂಗಾರ್ ಪ್ರಕರಣ ತೆಗೆಯುತ್ತಾರೆ. ನಮ್ಮದೇ ಮೈಸೂರಿನಿಂದ ಸುಪ್ರೀಂ ಕೋರ್ಟಿಗೆ ಹೋದದ್ದು ಅದು. ವಿಲ್ ಸುತ್ತ ಅನುಮಾನ ಇದ್ದರೆ ಅದನ್ನು ತೊಡೆಯುವ ಹೊಣೆ ವಿಲ್ ಮುಂದಿಟ್ಟವರದ್ದೇ ಎಂದು ಅಲ್ಲಿ ಹೇಳಿದ್ದು ಇವತ್ತಿಗೂ ನಡೆಯುತ್ತಿದೆ. ಲಾಭ ಪಡೆಯುವ ಮಗನೇ ಬಾಂಡ್ ರೈಟರ್ ಹತ್ತಿರ ಬರೆಸಿ, ಅವನೇ ಸಾಕ್ಷಿ ಕರೆತಂದು, ಆಸ್ಪತ್ರೆಯ ಮಂಚದ ಮೇಲೆ ಸಹಿ ಹಾಕಿಸಿದರೆ, ಹೊರೆ ಎಷ್ಟು ಭಾರ ಆಗುತ್ತದೆ ನೀವೇ ಯೋಚಿಸಿ.

ನೋಂದಣಿ ಮಾಡಿಸಬೇಕಾ?

ಕಡ್ಡಾಯ ಇಲ್ಲ. ಆದರೆ ನಾನು ಮಾಡಿಸಿ ಎನ್ನುತ್ತೇನೆ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನಿಮ್ಮ ಫೋಟೋ, ಬೆರಳಚ್ಚು ಬೀಳುತ್ತದೆ, ಮೂಲ ಕಳೆದರೂ ನಕಲು ಸಿಗುತ್ತದೆ. ಓಡಾಡಲು ಆಗದವರ ಮನೆಗೆ ಅಧಿಕಾರಿ ಬರುವುದಕ್ಕೂ ಕಾನೂನಿನಲ್ಲಿ ಅವಕಾಶ ಇದೆ. ಎಲ್ಲರಿಗೂ ಗೊತ್ತಾಗುತ್ತದೆ ಎಂಬ ಹೆದರಿಕೆ ಬೇಡ. ವಿಲ್ ಬೇರೆ ಪುಸ್ತಕದಲ್ಲಿ ದಾಖಲಾಗುತ್ತದೆ. ನೀವು ಬದುಕಿರುವ ತನಕ ಅದರ ನಕಲು ಬೇರೆಯವರಿಗೆ ಕೊಡುವುದಿಲ್ಲ.

ನೋಂದಣಿ ಆಯಿತು, ಇನ್ನು ಯಾರೂ ಅಲ್ಲಾಡಿಸಲಾರರು ಎಂಬುದು ಮಾತ್ರ ಸುಳ್ಳು. ಸಾಕ್ಷಿಯನ್ನು ಆಗಲೂ ಕರೆಸಬೇಕು. ಇವತ್ತು ನೋಂದಣಿ ಮಾಡಿಸಿ, ಮುಂದಿನ ವರ್ಷ ಬಿಳಿ ಹಾಳೆಯಲ್ಲಿ ಸರಿಯಾಗಿ ಇನ್ನೊಂದು ಬರೆದರೆ ಆ ಬಿಳಿ ಹಾಳೆಯೇ ಗೆಲ್ಲುತ್ತದೆ.

ಪ್ರೊಬೇಟ್, ಅಂದರೆ ವಿಲ್ ಖರೆ ಎಂದು ಕೋರ್ಟ್ ಹಾಕುವ ಮುದ್ರೆ, ಅದರ ಬಗ್ಗೆಯೂ ಕೇಳುತ್ತಾರೆ. ನಾವು ಹಳೇ ಮುಂಬೈ ಪ್ರಾಂತ್ಯದವರು, ನಮಗೂ ಬೇಕೇನೋ ಎಂದು. ಆ ಕಡ್ಡಾಯ ಇದ್ದದ್ದು ಮುಂಬೈ ನಗರದಂಥ ಕಡೆ, ಧಾರವಾಡ, ಗದಗ, ಹಾವೇರಿಗೆ ಅಲ್ಲ. ವಾರಸಾ ತೆರಿಗೆಯೂ ಇಲ್ಲ, ಹಳೆಯ ಎಸ್ಟೇಟ್ ಡ್ಯೂಟಿ 1985ರಲ್ಲೇ ಹೋಯಿತು.

ಬಕ್ಷೀಸು ಪತ್ರ (ದಾನಪತ್ರ) ಮಾಡಿ ಈಗಲೇ ಕೊಟ್ಟುಬಿಡಲೇ ಎಂದು ಕೇಳುವವರಿಗೆ ನನ್ನ ಉತ್ತರ ಒಂದೇ: ಇರುವ ಮನೆಯನ್ನು ಕೊಡಬೇಡಿ. ವಿಲ್ ನಾಳೆ ಹರಿದುಹಾಕಬಹುದು. ಬಕ್ಷೀಸು ಒಮ್ಮೆ ಹೋದರೆ ಹೋಯಿತು. ನೋಡಿಕೊಳ್ಳಬೇಕು ಎಂಬ ಷರತ್ತು ಹಾಕಿ ಕೊಟ್ಟಿದ್ದರೆ 2007ರ ಹಿರಿಯ ನಾಗರಿಕರ ಕಾಯ್ದೆಯಡಿ ರದ್ದು ಕೇಳಬಹುದು, ಅದಕ್ಕೂ ಓಡಾಟ ಇದ್ದದ್ದೇ.

ಇಡುವುದು, ಬದಲಿಸುವುದು

ಲಾಕರ್ ನಿಮ್ಮೊಬ್ಬರ ಹೆಸರಲ್ಲಿದ್ದರೆ ವಿಲ್ ಅದರಲ್ಲಿ ಇಡಬೇಡಿ. ಲಾಕರ್ ತೆಗೆಯಲು ವಿಲ್ ಕೇಳಬಹುದು, ವಿಲ್ ತೆಗೆಯಲು ಲಾಕರ್ ತೆಗೆಯಬೇಕು. ಮೂಲ ಎಲ್ಲಿದೆ ಎಂದು ಇಬ್ಬರಿಗೆ ಹೇಳಿ. ಜಿಲ್ಲಾ ನೋಂದಣಾಧಿಕಾರಿ ಕಚೇರಿಯಲ್ಲಿ ಮುಚ್ಚಿದ ಲಕೋಟೆಯಲ್ಲಿ ಇಡಲೂ ಬರುತ್ತದೆ. ಮನೆಯಲ್ಲಿ ಮದುವೆ, ಸಾವು, ವಾಟ್ನಿ, ಹೊಸ ಖರೀದಿ ಆದಾಗ ತೆಗೆದು ಓದಿ. ಸಣ್ಣ ಬದಲಾವಣೆಗೆ ಪುರವಣಿ ಬರೆಯಬಹುದು, ಅದಕ್ಕೂ ಇಬ್ಬರು ಸಾಕ್ಷಿ ಬೇಕೇ ಬೇಕು. ದೊಡ್ಡದಾದರೆ ಹೊಸದೇ ಬರೆಯಿರಿ. ಒಬ್ಬ ಸಾಕ್ಷಿ ತೀರಿಕೊಂಡರೂ ಹಾಗೇ ಮಾಡಿ. ನಮ್ಮಪ್ಪನಿಗೆ ಇದನ್ನು ಹೇಳುವವರು ಇರಲಿಲ್ಲ.

ಅವರು ಹೋದ ಮೇಲೆ

ಮರಣ ಪ್ರಮಾಣಪತ್ರ, ಮೂಲ ವಿಲ್, ಮನೆಯವರ ವಂಶಾವಳಿ, ಎಲ್ಲರ ಆಧಾರ್. ಹೊಲಕ್ಕೆ ಇಷ್ಟು ಹಿಡಿದುಕೊಂಡು ಕಂದಾಯ ಇಲಾಖೆಗೆ, ಮನೆಗೆ ಪಾಲಿಕೆ ಮತ್ತು ಸಿಟಿ ಸರ್ವೆ ಕಚೇರಿ ಎರಡಕ್ಕೂ. ಪಾಲಿಕೆಯಲ್ಲಿ ಹೆಸರು ಬದಲಾದರೆ ಸಿಟಿ ಸರ್ವೆ ಉತಾರ ತಾನಾಗಿ ಬದಲಾಗುತ್ತದೆ ಎಂದು ಸುಮ್ನೆ ಕೂರಬೇಡಿ. ಯಾರಾದರೂ ತಕರಾರು ಹಾಕಿದರೆ ವಿಲ್ ಖರೆಯೋ ಸುಳ್ಳೋ ಎಂಬುದನ್ನು ಸಿವಿಲ್ ಕೋರ್ಟೇ ಹೇಳಬೇಕು. ಮೂಲ ವಿಲ್ ಯಾವ ಟೇಬಲ್ಲಿಗೂ ಬಿಟ್ಟು ಬರಬೇಡಿ, ತೋರಿಸಿ ನಕಲು ಕೊಡಿ. ಮರಣ ಪ್ರಮಾಣಪತ್ರ ಒಂದೇ ಸಲಕ್ಕೆ ಹತ್ತು ಪ್ರತಿ ತೆಗೆಸಿ. ನಾನು ಮೂರು ತೆಗೆಸಿದ್ದೆ, ಬ್ಯಾಂಕು, ವಿಮೆ, ಪಿಂಚಣಿಗೇ ಮುಗಿದು ಹೋದವು. ಹೊಲದ ವಾರಸಾಕ್ಕೆ ಮತ್ತೆ ಸಾಲಿನಲ್ಲಿ ನಿಂತೆ.